ಫೋನ್ ನಂಬರ್ ಕೊಡದೆ ಇಮೇಲ್ ಖಾತೆ ತೆರೆಯುವುದು ಹೇಗೆ? ಹೆಜ್ಜೆ ಹೆಜ್ಜೆಯಾಗಿ

"ಜಿಮೇಲ್ ಮಾಡೋಕೆ ಹೋದ್ರೆ ಮೊಬೈಲ್ ನಂಬರ್ ಕೇಳ್ತಿದೆ, ಕೊಡದೆ ಆಗಲ್ವಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಉತ್ತರವನ್ನು ಒಂದೇ ಕಡೆ, ಸ್ವಲ್ಪ ವಿವರವಾಗಿ ಬರೆದುಬಿಡುತ್ತೇನೆ.

ಕೇಳುವವರ ಕಾರಣಗಳು ಬೇರೆ ಬೇರೆ. ಒಬ್ಬರು ದುಬೈಗೆ ಹೋಗಿದ್ದಾರೆ, ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ಅದು ನಿಂತೇಹೋಗಿದೆ, ಒಟಿಪಿ ಬರುವ ದಾರಿಯೇ ಇಲ್ಲ. ಇನ್ನೊಬ್ಬರ ನಂಬರ್ ಮೇಲೆ ಆಗಲೇ ಮನೆಮಂದಿಯ ಖಾತೆಗಳೆಲ್ಲ ಇವೆ, ಈ ನಂಬರನ್ನು ಇನ್ನು ಬಳಸುವಂತಿಲ್ಲ ಅಂತ ಗೂಗಲ್ ಹೇಳುತ್ತಿದೆ. ಮತ್ತೊಬ್ಬರಿಗೆ ಸುಮ್ನೆ ಎಲ್ಲ ಕಡೆ ನಂಬರ್ ಹಂಚುತ್ತಾ ಹೋಗುವುದು ಇಷ್ಟವಿಲ್ಲ. ಅದೂ ಸರಿಯಾದ ಕಾರಣವೇ. ನಂಬರ್ ಕೊಡಲು ಮನಸ್ಸಿಲ್ಲ ಅಂದಮಾತ್ರಕ್ಕೆ ಏನೋ ಮುಚ್ಚಿಡುತ್ತಿದ್ದೀರಿ ಅಂತ ಅಲ್ಲ.

ಚಿಕ್ಕ ಉತ್ತರ: ಆಗುತ್ತದೆ. ಜಿಮೇಲ್‌ನಲ್ಲಿ ಆಗಬಹುದು, ಆಗದೆಯೂ ಇರಬಹುದು. ಪ್ರೋಟಾನ್ ಮೇಲ್, ಟುಟಾ ಇಂಥ ಬೇರೆ ಇಮೇಲ್ ಸೇವೆಗಳಲ್ಲಿ ಸಾಮಾನ್ಯವಾಗಿ ಆಗೇ ಆಗುತ್ತದೆ, ದುಡ್ಡೂ ಕೊಡಬೇಕಿಲ್ಲ.

ಶುರು ಮಾಡುವ ಮೊದಲು ಇದನ್ನು ಓದಿಬಿಡಿ

ಇಮೇಲ್ ಕಂಪನಿಗಳು ನಂಬರ್ ಕೇಳುವುದು ಎರಡು ಕೆಲಸಕ್ಕೆ. ಒಂದು, ನೀವು ಮನುಷ್ಯರೇ ಹೊರತು ಸಾವಿರಾರು ಖಾತೆ ತೆರೆಯುವ ಸಾಫ್ಟ್‌ವೇರ್ ಅಲ್ಲ ಅಂತ ಖಚಿತಪಡಿಸಿಕೊಳ್ಳಲು. ಎರಡು, ನಾಳೆ ನೀವು ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಕೊಡಲು. ಮೊದಲನೆಯದಕ್ಕೆ ಬೇರೆ ದಾರಿಗಳಿವೆ, ಒಂದು ಪಜಲ್ ಬಿಡಿಸಿದರೆ ಮುಗಿಯಿತು. ಎರಡನೆಯದಕ್ಕೆ ಹಾಗಿಲ್ಲ. ನಂಬರ್ ಕೊಡದವರು ಆ ಜವಾಬ್ದಾರಿಯನ್ನು ತಾವೇ ಹೊತ್ತುಕೊಳ್ಳಬೇಕು. ಖಾತೆ ತೆರೆಯಲು ಐದು ನಿಮಿಷ ಸಾಕು. ಅದನ್ನು ಕಳೆದುಕೊಳ್ಳದಂತೆ ಕಟ್ಟಿಡಲು ಇನ್ನೊಂದು ಕಾಲು ಗಂಟೆ ಬೇಕು, ಜನ ಬಿಟ್ಟುಬಿಡುವುದು ಈ ಕಾಲು ಗಂಟೆಯನ್ನೇ.

ಹಾಗಂತ ನಂಬರ್ ಕೊಟ್ಟವರ ಖಾತೆ ತುಂಬಾ ಭದ್ರ ಅಂತಲೂ ಅಲ್ಲ. ನಮ್ಮ ದೇಶದಲ್ಲಿ ನಿಂತುಹೋದ ಮೊಬೈಲ್ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಕೈಗೆ ಹೋಗಬಹುದು. ಇಮೇಲ್ ಖಾತೆಯಲ್ಲಿ ಹಳೇ ನಂಬರೇ ಉಳಿದಿದ್ದರೆ ಒಟಿಪಿ ಆ ಹೊಸ ಮಾಲೀಕರಿಗೆ ಹೋಗುತ್ತದೆ. ಪರದೇಶಕ್ಕೆ ಹೋಗಿ ಸಿಮ್ ಬಿಟ್ಟವರೆಲ್ಲ ಒಮ್ಮೆ ಇದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ: ನಂಬರ್ ಕೊಡದಿದ್ದರೆ ನಾನು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು. ಹಾಗೇನಿಲ್ಲ. ನೀವು ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದಿರಿ ಅನ್ನುವ ಗುರುತು, ಅಂದರೆ ಐಪಿ ವಿಳಾಸ, ಇದ್ದೇ ಇರುತ್ತದೆ. ಈ ಕಂಪನಿಗಳೂ ತಮ್ಮ ದೇಶದ ಕಾನೂನಿಗೆ ಬದ್ಧ. 2024ರಲ್ಲಿ ಸ್ಪೇನ್ ಪೊಲೀಸರು ಸ್ವಿಟ್ಜರ್ಲೆಂಡ್ ಅಧಿಕಾರಿಗಳ ಮೂಲಕ ಕೇಳಿದಾಗ, ಒಬ್ಬ ಬಳಕೆದಾರ ರಿಕವರಿಗೆಂದು, ಅಂದರೆ ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಪಡೆಯಲೆಂದು, ಹಾಕಿದ್ದ ಇನ್ನೊಂದು ಇಮೇಲ್ ವಿಳಾಸವನ್ನು ಪ್ರೋಟಾನ್ ಕೊಟ್ಟಿತು. ಈ ಲೇಖನ ನಂಬರ್ ಉಳಿಸಿಕೊಳ್ಳುವುದಕ್ಕೆ ಅಷ್ಟೇ, ಅಡಗಿಕೊಳ್ಳುವುದಕ್ಕಲ್ಲ.

ಬೇಕಾಗುವ ಸಾಮಾನು

ಕಂಪ್ಯೂಟರ್ ಇದ್ದರೆ ಅನುಕೂಲ, ಮೊಬೈಲ್ ಬ್ರೌಸರ್‌ನಲ್ಲೂ ಆಗುತ್ತದೆ. ಒಂದು ನೋಟ್‌ಬುಕ್, ಒಂದು ಪೆನ್ನು. ಇವು ಬೇಕೇ ಬೇಕು, ನಗಬೇಡಿ. ನಂಬಿಕಸ್ಥರ ಅಥವಾ ನಿಮ್ಮದೇ ಇನ್ನೊಂದು ಇಮೇಲ್ ವಿಳಾಸ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಸೈಬರ್ ಸೆಂಟರ್‌ನಲ್ಲಿ ಕೂತು ಈ ಕೆಲಸ ಮಾಡಬೇಡಿ. ಬೇರೆ ದಾರಿಯೇ ಇಲ್ಲ ಅಂದರೆ ಬ್ರೌಸರ್‌ನ ಪ್ರೈವೇಟ್ ವಿಂಡೋ ತೆರೆದುಕೊಳ್ಳಿ, ಪಾಸ್‌ವರ್ಡ್ ಸೇವ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ, ಡೌನ್‌ಲೋಡ್ ಆದ ಫೈಲ್‌ಗಳನ್ನು ಅಳಿಸಿ ಬನ್ನಿ.

ಹೆಜ್ಜೆ 1: ಯಾವುದರಲ್ಲಿ ತೆರೆಯುವುದು ಅಂತ ನಿರ್ಧರಿಸಿ

ನನ್ನ ಮೊದಲ ಆಯ್ಕೆ ಪ್ರೋಟಾನ್ ಮೇಲ್. ಸ್ವಿಟ್ಜರ್ಲೆಂಡಿನದು, ಸರ್ನ್ ಅನ್ನುವ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು 2014ರಲ್ಲಿ ಜನರ ಮುಂದಿಟ್ಟ ಸೇವೆ. ಉಚಿತ ಖಾತೆಗೆ 1 ಜಿಬಿ ತನಕ ಜಾಗ, ದಿನಕ್ಕೆ 150 ಮೇಲ್ ಕಳಿಸಬಹುದು. ಮನೆ ಬಳಕೆಗೆ ಧಾರಾಳ. ಫೋಟೋ, ವಿಡಿಯೋ ತುಂಬಿಸುವವರಿಗೆ ಮಾತ್ರ ಸಾಲದು.

ಎರಡನೆಯದು ಟುಟಾ, ಜರ್ಮನಿಯ ಹ್ಯಾನೋವರ್‌ನದು. ಮೊದಲು ಟುಟಾನೋಟಾ ಅಂತ ಹೆಸರಿತ್ತು, 2023ರಲ್ಲಿ ಚಿಕ್ಕದು ಮಾಡಿಕೊಂಡರು. ಇದರಲ್ಲೂ 1 ಜಿಬಿ. ಒಬ್ಬರಿಗೆ ಒಂದೇ ಉಚಿತ ಖಾತೆ, ಅದೂ ಖಾಸಗಿ ಬಳಕೆಗೆ ಮಾತ್ರ ಅನ್ನುವುದು ಇವರ ನಿಯಮ. ಅಂಗಡಿ, ವ್ಯಾಪಾರಕ್ಕೆ ಐಡಿ ಬೇಕಿದ್ದರೆ ಟುಟಾದ ಉಚಿತ ಖಾತೆ ನಿಮಗಲ್ಲ.

ಸ್ವಲ್ಪ ದುಡ್ಡು ಕೊಡಲು ತಯಾರಿದ್ದರೆ ಬರ್ಲಿನ್‌ನ ಪೋಸ್ಟಿಯೊ ಇದೆ, ತಿಂಗಳಿಗೆ 1 ಯೂರೋ, ಹೆಸರನ್ನೂ ಕೇಳುವುದಿಲ್ಲ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಸಲೀಸು.

ಪ್ರೋಟಾನ್ ಬಗ್ಗೆ ಕರ್ನಾಟಕದವರು ತಿಳಿದಿರಬೇಕಾದ ಒಂದು ಸಂಗತಿ ಇದೆ. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳನ್ನು ಗುರಿಯಾಗಿಸಿ ಪ್ರೋಟಾನ್ ಖಾತೆಯಿಂದ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣದಲ್ಲಿ, ಈ ಸೇವೆಯನ್ನು ಭಾರತದಲ್ಲಿ ತಡೆಯುವ ಪ್ರಕ್ರಿಯೆ ಶುರುಮಾಡಿ ಅಂತ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. ಹಾಗಾಗಿ ಭಾರತದಲ್ಲಿರುವವರು ಮೊದಲು ಪ್ರೋಟಾನ್ ವೆಬ್‌ಸೈಟ್ ತಮ್ಮ ಸಂಪರ್ಕದಲ್ಲಿ ತೆರೆಯುತ್ತದಾ ನೋಡಿಕೊಳ್ಳಿ. ತೆರೆದರೂ ನಿಮ್ಮ ಎಲ್ಲ ವ್ಯವಹಾರವನ್ನೂ ಇದೊಂದಕ್ಕೇ ಕಟ್ಟಿಹಾಕಬೇಡಿ. ನಾಳೆ ತೊಂದರೆಯಾದರೆ ಅಂತ ಟುಟಾದಲ್ಲೂ ಒಂದು ಖಾತೆ ಇಟ್ಟುಕೊಳ್ಳುವುದು ಜಾಣತನ.

ಹೆಜ್ಜೆ 2: ಸಂಪರ್ಕ ಸರಿಮಾಡಿಕೊಳ್ಳಿ

"ನನಗೆ ಮಾತ್ರ ನಂಬರ್ ಕೇಳ್ತು, ಪಕ್ಕದ ಮನೆಯವರಿಗೆ ಕೇಳಲಿಲ್ಲ" ಅನ್ನುವ ದೂರು ಹೆಚ್ಚಾಗಿ ಇಲ್ಲಿಂದಲೇ ಬರುವುದು.

ಕಂಪನಿಗಳು ನಿಮ್ಮ ಐಪಿ ವಿಳಾಸ ನೋಡಿ ಅನುಮಾನಪಡುತ್ತವೆ. ವಿಪಿಎನ್ ಹಾಕಿಕೊಂಡು ಬಂದರೆ ಅನುಮಾನ ಜಾಸ್ತಿ. ವಿಪಿಎನ್ ಅಂದರೆ ನಿಮ್ಮ ಸಂಪರ್ಕವನ್ನು ಬೇರೆ ಊರಿನ ಕಂಪ್ಯೂಟರ್ ಮೂಲಕ ಸುತ್ತಿಸಿ ಕಳಿಸುವ ಆ್ಯಪ್. ಅದೇ ವಿಳಾಸದಿಂದ ಸ್ಪ್ಯಾಮ್ ಕಳಿಸುವವರೂ ಬಂದಿರುತ್ತಾರೆ, ಅವರ ಜೊತೆ ನಿಮ್ಮನ್ನೂ ಸೇರಿಸಿ ಎಣಿಸುತ್ತವೆ. ಗುಟ್ಟಾಗಿರಲಿ ಅಂತ ವಿಪಿಎನ್ ಹಾಕಿಕೊಂಡವರಿಗೇ ನಂಬರ್ ಕೇಳುವ ಸಾಧ್ಯತೆ ಹೆಚ್ಚು! ಖಾತೆ ತೆರೆಯುವಾಗ ಅದನ್ನು ಆಫ್ ಮಾಡಿ.

ಮೊಬೈಲ್ ಡೇಟಾದ ಕತೆ ಇನ್ನೊಂದು. ನಮ್ಮ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ತುಂಬಾ ಗ್ರಾಹಕರಿಗೆ ಹಂಚುತ್ತವೆ. ಅವರಲ್ಲಿ ಇನ್ಯಾರೋ ಸ್ವಲ್ಪ ಹೊತ್ತಿನ ಹಿಂದೆ ಅಲ್ಲೇ ಖಾತೆ ತೆರೆದಿದ್ದರೆ, ನಿಮ್ಮ ಸರದಿ ಬಂದಾಗ "ಈ ಸಂಪರ್ಕದಿಂದ ಸದ್ಯಕ್ಕೆ ನೋಂದಣಿ ಇಲ್ಲ" ಅನ್ನುವ ಸಂದೇಶ ಬರಬಹುದು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ, ಎಷ್ಟೋ ಸಲ ಬೇರೆ ಐಪಿ ಸಿಗುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ಇದ್ದರೆ ಅದನ್ನೇ ಬಳಸಿ. ಯಾವುದೂ ಆಗಲಿಲ್ಲವೇ, ಮಾರನೇ ದಿನ ನೋಡಿ. ಹತ್ತು ನಿಮಿಷದಲ್ಲಿ ಎಂಟು ಸಲ ಒತ್ತಿದರೆ ಅನುಮಾನ ಇನ್ನೂ ಹೆಚ್ಚುತ್ತದೆ.

ಹೆಜ್ಜೆ 3: ಪ್ರೋಟಾನ್‌ನಲ್ಲಿ ಖಾತೆ ತೆರೆಯಿರಿ

ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಲಿಂಕ್ ಒತ್ತಬೇಡಿ, ಮೇಲೆ ಬರುವುದು ಜಾಹೀರಾತಾಗಿರಬಹುದು. ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ: ಇಂಗ್ಲಿಷ್ ಅಕ್ಷರಗಳಲ್ಲಿ ಪ್ರೋಟಾನ್, ಚುಕ್ಕಿ, ಎಂ, ಇ. ಅಷ್ಟೇ ವಿಳಾಸ.

ಅಲ್ಲಿ ಉಚಿತ ಖಾತೆ ತೆರೆಯುವ ಬಟನ್ ಒತ್ತಿ. ತಿಂಗಳ ಪ್ಲಾನ್‌ಗಳನ್ನು ದೊಡ್ಡದಾಗಿ ತೋರಿಸುತ್ತದೆ, ಫ್ರೀ ಅನ್ನುವುದು ಒಂದು ಮೂಲೆಯಲ್ಲಿರುತ್ತದೆ, ಅದನ್ನು ಆರಿಸಿ. ಕಾರ್ಡ್ ವಿವರ ಕೇಳುವ ಪುಟ ಬಂದರೆ ತಪ್ಪು ಪ್ಲಾನ್ ಒತ್ತಿದ್ದೀರಿ ಅಂತ ಅರ್ಥ, ಹಿಂದೆ ಹೋಗಿ.

ಈಗ ಬಳಕೆದಾರ ಹೆಸರು. ಇದೇ ನಿಮ್ಮ ಮೇಲ್ ಐಡಿಯ ಮೊದಲ ಭಾಗ. ನಂಬರ್ ಮುಚ್ಚಿಟ್ಟು ಹುಟ್ಟಿದ ವರ್ಷವನ್ನು ಐಡಿಯಲ್ಲೇ ಹಾಕಿಕೊಳ್ಳುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಫೋನಿನಲ್ಲಿ ಹೇಳಿದರೆ ಎದುರಿನವರು ಸರಿಯಾಗಿ ಬರೆದುಕೊಳ್ಳುವಂತಿರಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು, ಲಕ್ಷ್ಮಿ ಅಂತ ಬರೆಯಲು ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆ ಎಸ್ ಎಚ್ ಹಾಕುತ್ತಾರೆ. ಗೊಂದಲವಿಲ್ಲದ ಅಕ್ಷರಗಳನ್ನು ಆರಿಸಿಕೊಳ್ಳಿ.

ಪಾಸ್‌ವರ್ಡ್ ಉದ್ದವಾಗಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ, ನಡುವೆ ಒಂದೆರಡು ಅಂಕಿ. ಬೇರೆಲ್ಲೂ ಬಳಸಿರಬಾರದು. ಅದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ನೋಡಿಕೊಂಡು ಟೈಪ್ ಮಾಡಿ. ಟೈಪ್ ಮಾಡಿ ಆಮೇಲೆ ಬರೆದುಕೊಂಡರೆ ಒಂದಕ್ಷರ ವ್ಯತ್ಯಾಸ ಆಗಿಬಿಡುತ್ತದೆ.

ಮುಂದಿನದು ಮನುಷ್ಯರೇ ಹೌದಾ ಅನ್ನುವ ಪರೀಕ್ಷೆ. ಇದಕ್ಕೆ ಕ್ಯಾಪ್ಚಾ ಅನ್ನುತ್ತಾರೆ, ಚಿತ್ರದ ಒಂದು ತುಂಡನ್ನು ಎಳೆದು ಜಾಗಕ್ಕೆ ಕೂರಿಸುವಂಥ ಪಜಲ್. ಕ್ಯಾಪ್ಚಾ, ಇಮೇಲ್, ಎಸ್‌ಎಂಎಸ್ ಅಂತ ಟ್ಯಾಬ್‌ಗಳು ಕಂಡರೆ ಕ್ಯಾಪ್ಚಾ ಆರಿಸಿ. ಅದು ಕಾಣದೆ ಬರೀ ಇಮೇಲ್ ಇದ್ದರೆ, ನಿಮ್ಮ ಹಳೇ ಐಡಿಯನ್ನೋ ಮನೆಯವರ ಐಡಿಯನ್ನೋ ಕೊಡಿ, ಅಲ್ಲಿಗೆ ಬರುವ ಕೋಡ್ ಹಾಕಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಮಾಯವಾಗುವ ತಾತ್ಕಾಲಿಕ ಮೇಲ್ ಸೈಟ್‌ಗಳ ವಿಳಾಸ ಇಲ್ಲಿ ನಡೆಯುವುದಿಲ್ಲ. ಎಸ್‌ಎಂಎಸ್ ಒಂದೇ ಕಂಡರೆ ಹೆಜ್ಜೆ 2ಕ್ಕೆ ವಾಪಸ್ ಹೋಗಿ, ಸಂಪರ್ಕ ಬದಲಿಸಿ.

ಖಾತೆ ತೆರೆದುಕೊಂಡ ಮೇಲೆ ರಿಕವರಿಗೆ ಅಂತ ಮತ್ತೆ ಫೋನ್ ನಂಬರ್ ಕೇಳಬಹುದು. ಎಷ್ಟೋ ಜನ ಇಷ್ಟೆಲ್ಲ ಮಾಡಿ, ಕಡ್ಡಾಯ ಇರಬೇಕು ಅಂದುಕೊಂಡು ಇಲ್ಲಿ ನಂಬರ್ ಹಾಕಿಬಿಡುತ್ತಾರೆ! ಅದು ಕಡ್ಡಾಯವಲ್ಲ. ಖಾಲಿ ಬಿಟ್ಟು, ಆಮೇಲೆ ನೋಡೋಣ ಅನ್ನುವ ಆಯ್ಕೆ ಒತ್ತಿ.

ಹೆಜ್ಜೆ 4: ಅಥವಾ ಟುಟಾದಲ್ಲಿ

ಇಲ್ಲಿ ಇನ್ನೂ ಸರಳ. ಟುಟಾ ಡಾಟ್ ಕಾಮ್‌ಗೆ ಹೋಗಿ, ಫ್ರೀ ಪ್ಲಾನ್ ಆರಿಸಿ, ನನಗೆ ಬೇರೆ ಉಚಿತ ಖಾತೆ ಇಲ್ಲ, ವ್ಯಾಪಾರಕ್ಕೆ ಬಳಸುವುದಿಲ್ಲ ಅನ್ನುವ ಎರಡು ಚೌಕಗಳಿಗೆ ಟಿಕ್ ಹಾಕಿ. ಹೆಸರು, ಪಾಸ್‌ವರ್ಡ್ ಮೇಲೆ ಹೇಳಿದ ಹಾಗೆಯೇ. ಇವರ ಕ್ಯಾಪ್ಚಾ ಸಾಮಾನ್ಯವಾಗಿ ಮುಳ್ಳಿನ ಗಡಿಯಾರದ ಚಿತ್ರ, ಎಷ್ಟು ಗಂಟೆ ಅಂತ ಬರೆಯಬೇಕು. ಡಿಜಿಟಲ್ ಗಡಿಯಾರವನ್ನೇ ನೋಡಿ ಬೆಳೆದ ಮಕ್ಕಳು ಇಲ್ಲಿ ಅಜ್ಜಿಯನ್ನು ಕರೆಯಬೇಕಾದೀತು.

ಎಚ್ಚರ ಬೇಕಿರುವುದು ಆಮೇಲೆ. ಹೊಸ ಖಾತೆಯನ್ನು ಟುಟಾ ಕೆಲವೊಮ್ಮೆ 48 ಗಂಟೆ ತಡೆದಿಡುತ್ತದೆ. ಲಾಗಿನ್ ಆಗಬಹುದು, ಮೇಲ್ ಕಳಿಸಲೂ ಆಗುವುದಿಲ್ಲ, ಬರುವುದೂ ಇಲ್ಲ. ಇದು ಗೊತ್ತಿಲ್ಲದೆ ಅದೇ ಗಳಿಗೆಯಲ್ಲಿ ಯಾವುದೋ ಅರ್ಜಿಗೆ ಈ ಐಡಿ ಕೊಟ್ಟು ಒಟಿಪಿಗೆ ಕಾಯುತ್ತಾ ಕೂರುವವರಿದ್ದಾರೆ. ನಾಳೆ ಅರ್ಜಿ ಹಾಕುವ ಕೊನೇ ದಿನ ಅಂದರೆ ಇವತ್ತು ಟುಟಾ ತೆರೆಯಬೇಡಿ. ಅನುಮತಿ ಸಿಗುವ ಮೊದಲು ಬೇಸರ ಮಾಡಿಕೊಂಡು ಎರಡನೇ ಖಾತೆ ತೆರೆಯಲು ಹೋದರೆ ಎರಡೂ ಹೋಗಬಹುದು.

ಹೆಜ್ಜೆ 5: ರಿಕವರಿ. ಇದನ್ನು ಬಿಡಬೇಡಿ

ರಿಕವರಿ ಅಂದರೆ ಪಾಸ್‌ವರ್ಡ್ ಮರೆತಾಗ ಖಾತೆಯನ್ನು ವಾಪಸ್ ಪಡೆಯುವ ವ್ಯವಸ್ಥೆ. ಜಿಮೇಲ್ ಅಭ್ಯಾಸ ಇರುವವರಿಗೆ ಇದು ಹೊಸದು ಅನ್ನಿಸುತ್ತದೆ, ಅಲ್ಲಿ ನಂಬರ್‌ಗೆ ಒಟಿಪಿ ಬರುತ್ತದೆ, ಹೊಸ ಪಾಸ್‌ವರ್ಡ್ ಹಾಕಿದರೆ ಹಳೇ ಮೇಲ್‌ಗಳೆಲ್ಲ ಹಾಗೇ ಇರುತ್ತವೆ. ಪ್ರೋಟಾನ್, ಟುಟಾಗಳಲ್ಲಿ ಹಾಗಲ್ಲ. ನಿಮ್ಮ ಮೇಲ್‌ಗಳನ್ನು ಇವು ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ, ಅಂದರೆ ಬೀಗ ಹಾಕಿ ಇಟ್ಟಂತೆ. ಬೀಗದ ಕೈ ನಿಮ್ಮ ಪಾಸ್‌ವರ್ಡ್‌ಗೆ ಕಟ್ಟಿರುತ್ತದೆ. ಕಂಪನಿಯ ಹತ್ತಿರ ಇನ್ನೊಂದು ಕೈ ಇಲ್ಲ. ನೀವು ಅತ್ತು ಕರೆದು ಪತ್ರ ಬರೆದರೂ ಅವರಿಗೆ ತೆಗೆದುಕೊಡಲು ಬರುವುದಿಲ್ಲ.

ಪ್ರೋಟಾನ್‌ನಲ್ಲಿ: ಸೆಟ್ಟಿಂಗ್ಸ್ ತೆರೆದು ರಿಕವರಿ ಅನ್ನುವ ಕಡೆ ಹೋಗಿ. ಅಲ್ಲಿ ರಿಕವರಿ ಫ್ರೇಸ್ ಅಂತ ಇದೆ, 12 ಇಂಗ್ಲಿಷ್ ಪದಗಳ ಸಾಲು. ಕೆಲವರಿಗೆ ಇದು ಖಾತೆ ತೆರೆಯುವಾಗಲೇ ಪಿಡಿಎಫ್ ಆಗಿ ಸಿಗುತ್ತದೆ. ಅದನ್ನು ಅದೇ ಕ್ರಮದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಪದಗಳಿಗೆ 1ರಿಂದ 12ರವರೆಗೆ ಸಂಖ್ಯೆ ಹಾಕಿ. ಈ 12 ಪದ ಇದ್ದರೆ ಪಾಸ್‌ವರ್ಡೂ ಬದಲಿಸಬಹುದು, ಹಳೇ ಮೇಲ್‌ಗಳೂ ತೆರೆಯುತ್ತವೆ. ಬರೀ ರಿಕವರಿ ಇಮೇಲ್ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಾಗುತ್ತದೆ, ಖಾತೆಯ ಒಳಗೂ ಹೋಗುತ್ತೀರಿ, ಹಳೇ ಮೇಲ್‌ಗಳು ಮಾತ್ರ ಬೀಗ ಹಾಕಿದಂತೆಯೇ ಉಳಿಯಬಹುದು. ಎರಡನ್ನೂ ಇಟ್ಟುಕೊಳ್ಳಿ, ಒಂದೇ ಸಾಕು ಅಂದರೆ ಪದಗಳನ್ನು ಆರಿಸಿ.

ಟುಟಾದಲ್ಲಿ: ರಿಕವರಿ ಇಮೇಲ್ ಅನ್ನುವ ಮಾತೇ ಇಲ್ಲ. ಖಾತೆ ತೆರೆದ ಕೂಡಲೇ 64 ಅಕ್ಷರಗಳ ರಿಕವರಿ ಕೋಡ್ ತೋರಿಸುತ್ತದೆ. ಆ ಕ್ಷಣಕ್ಕೆ ಬರೆದುಕೊಳ್ಳದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ವಿಭಾಗಕ್ಕೆ ಹೋಗಿ ಮತ್ತೆ ನೋಡಬಹುದು, ಪಾಸ್‌ವರ್ಡ್ ನೆನಪಿರುವ ತನಕ. ಕೈಯಲ್ಲಿ ಬರೆಯುವವರಿಗೆ ಒಂದು ಸಹಾಯ: ಆ ಕೋಡ್‌ನಲ್ಲಿ 0ಯಿಂದ 9ರವರೆಗಿನ ಅಂಕಿಗಳು, ಎ ಇಂದ ಎಫ್‌ವರೆಗಿನ ಅಕ್ಷರಗಳು, ಇಷ್ಟೇ ಇರುತ್ತವೆ. ಹಾಗಾಗಿ ಗುಂಡಗೆ ಕಂಡದ್ದು ಯಾವಾಗಲೂ ಸೊನ್ನೆಯೇ, ಓ ಅಲ್ಲ. ನೆಟ್ಟಗಿನ ಗೀಟು ಯಾವಾಗಲೂ 1, ಎಲ್ ಅಲ್ಲ. ಸಣ್ಣಕ್ಷರದ ಬಿ ಮತ್ತು 6 ಮಾತ್ರ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ, ಬಿಡಿಸಿ ಬರೆಯಿರಿ.

ಬರೆದದ್ದನ್ನು ಎಲ್ಲಿಡಬೇಕು? ಫೋಟೋ ತೆಗೆದು ಫೋನಿನಲ್ಲಿ ಇಡಬೇಡಿ, ಅದು ಗ್ಯಾಲರಿಯಿಂದ ಕ್ಲೌಡ್‌ಗೆ ಹೋಗಿ ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳುವುದೂ ಬೇಡ. ಅದೇ ಮೇಲ್ ಖಾತೆಯ ಡ್ರಾಫ್ಟ್‌ನಲ್ಲಿ ಇಟ್ಟವರೂ ಇದ್ದಾರೆ, ಒಳಗೆ ಹೋಗಲು ಆಗದಿದ್ದಾಗ ಅದು ಯಾವ ಉಪಯೋಗಕ್ಕೆ ಬಂತು? ಕಾಗದದಲ್ಲಿ ಬರೆದು ಮನೆಯ ಪತ್ರಗಳು, ಪಾಸ್‌ಬುಕ್ ಇಡುವ ಜಾಗದಲ್ಲಿಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ, ನಂಬಿಕಸ್ಥರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ಏನಂತ ಬರೆಯದಿದ್ದರೂ ನಡೆಯುತ್ತದೆ, ನಿಮಗೆ ಗೊತ್ತಿದ್ದರೆ ಸಾಕು. ವಯಸ್ಸಾದ ಅಪ್ಪ ಅಮ್ಮನಿಗೆ ಖಾತೆ ಮಾಡಿಕೊಡುತ್ತಿದ್ದರೆ ಈ ಕಾಗದ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿ.

ಹೆಜ್ಜೆ 6: ಎಸ್‌ಎಂಎಸ್ ಇಲ್ಲದ ಎರಡನೇ ಬೀಗ

ಎರಡು ಹಂತದ ಲಾಗಿನ್ ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್. ಅದಕ್ಕೆ ಎಸ್‌ಎಂಎಸ್ಸೇ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಅಥೆಂಟಿಕೇಟರ್ ಆ್ಯಪ್ ಅಂತ ಇವೆ, ಪ್ರತಿ 30 ಸೆಕೆಂಡಿಗೆ 6 ಅಂಕಿಯ ಹೊಸ ಕೋಡ್ ತೋರಿಸುತ್ತವೆ. ಸಿಮ್ ಬೇಡ, ಕೋಡ್ ತೋರಿಸಲು ಇಂಟರ್ನೆಟ್ಟೂ ಬೇಡ, ಫೋನಿನ ಗಡಿಯಾರ ಸರಿಯಿದ್ದರಾಯಿತು. ಆಂಡ್ರಾಯ್ಡ್‌ನಲ್ಲಿ ಏಜಿಸ್ ಚೆನ್ನಾಗಿದೆ. ಸ್ಮಾರ್ಟ್‌ಫೋನೇ ಇಲ್ಲದವರು ಕಂಪ್ಯೂಟರ್‌ನಲ್ಲಿ ಕೀಪಾಸ್‌ಎಕ್ಸ್‌ಸಿ ಹಾಕಿಕೊಳ್ಳಬಹುದು, ಪಾಸ್‌ವರ್ಡ್‌ಗಳನ್ನೂ ಅದರಲ್ಲೇ ಇಡಬಹುದು. ಎರಡೂ ಉಚಿತ.

ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ಲಾಗಿನ್ ಆನ್ ಮಾಡಿ, ಕಾಣುವ ಕ್ಯೂಆರ್ ಕೋಡನ್ನು ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಪ್ರೋಟಾನ್ ಆಗ ಕೆಲವು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಫೋನ್ ಕಳೆದರೆ ಬಳಸಲು. ಅವೂ ಆ ಕಾಗದಕ್ಕೆ ಸೇರಲಿ. ಹೆಜ್ಜೆ 5 ಮುಗಿಸದೆ ಇಲ್ಲಿಗೆ ಬರಬೇಡಿ. ರಿಕವರಿ ಇಲ್ಲದೆ ಎರಡು ಹಂತದ ಬೀಗ ಹಾಕಿಕೊಂಡರೆ, ಫೋನ್ ಒಂದು ಹಾಳಾದರೆ ನೀವೇ ಹೊರಗೆ.

ಹೆಜ್ಜೆ 7: ಪರೀಕ್ಷೆ ಮಾಡಿ ನೋಡಿ

ಹೊಸ ಐಡಿಯಿಂದ ಮನೆಯವರ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಸ್ಪ್ಯಾಮ್‌ಗೆ ಹೋಗಿದ್ದರೆ ಅಲ್ಲಿಂದ ತೆಗೆಸಿ, ವಾಪಸ್ ಉತ್ತರ ಬರೆಸಿ. ಆಮೇಲೆ ಲಾಗ್ ಔಟ್ ಮಾಡಿ, ಬ್ರೌಸರ್ ಮುಚ್ಚಿ, ಕಾಗದ ನೋಡಿಕೊಂಡು ಮತ್ತೆ ಲಾಗಿನ್ ಆಗಿ. ಒಳಗೆ ಹೋದರೆ ನೀವು ಬರೆದದ್ದು ಸರಿ ಇದೆ. ತಪ್ಪಿದ್ದರೂ ಇವತ್ತೇ ಗೊತ್ತಾಗಲಿ, ಖಾತೆ ಖಾಲಿ ಇರುವಾಗ ಇನ್ನೊಂದು ತೆರೆದರಾಯಿತು.

ಮೊದಲ ವಾರದಲ್ಲಿ ಒಂದೇ ಮೇಲ್ ಅನ್ನು ಐವತ್ತು ಜನಕ್ಕೆ ಕಳಿಸುವ ಕೆಲಸ ಬೇಡ. ಹೊಸ ಖಾತೆ, ನಂಬರ್ ಇಲ್ಲ, ಒಂದೇ ಸಲಕ್ಕೆ ರಾಶಿ ಮೇಲ್: ಸ್ಪ್ಯಾಮ್ ಕಳಿಸುವವರ ಲಕ್ಷಣವೂ ಇದೇ ಅಲ್ವಾ? ಮದುವೆ ಕರೆಯೋಲೆಯನ್ನು ಹೀಗೆ ಕಳಿಸಿದರೆ ಖಾತೆಗೆ ಬೀಗ ಬೀಳಬಹುದು.

ಜಿಮೇಲೇ ಬೇಕು ಅನ್ನುವವರಿಗೆ

ಸರಿ, ಪ್ರಯತ್ನ ಮಾಡಿ. ಗೂಗಲ್ ಎಲ್ಲರಿಗೂ ಒಂದೇ ಥರ ಕೇಳುವುದಿಲ್ಲ. ಸಂಪರ್ಕ, ಬ್ರೌಸರ್, ಫೋನ್ ನೋಡಿ ನಿರ್ಧರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಖಾತೆ ಸೇರಿಸುವ ಕಡೆಯಿಂದ ಹೊಸ ಖಾತೆ ತೆರೆಯಲು ಹೋದರೆ ಕೆಲವರಿಗೆ ನಂಬರ್ ಪುಟದಲ್ಲಿ ಸ್ಕಿಪ್ ಅಂತ ಬರುತ್ತದೆ. ಬಂದರೆ ಒತ್ತಿ. ಬರದಿದ್ದರೆ ಅಲ್ಲಿಗೆ ಬಿಡಿ, ಅದನ್ನು ತರಿಸುವ ಮಂತ್ರ ಯಾವುದೂ ಇಲ್ಲ. ಈಚೆಗೆ ಕೆಲವರಿಗೆ ಕ್ಯೂಆರ್ ಕೋಡ್ ತೋರಿಸಿ, ಫೋನಿನಿಂದ ಸ್ಕ್ಯಾನ್ ಮಾಡಿ ಎಸ್‌ಎಂಎಸ್ ಕಳಿಸಿ ಅನ್ನುತ್ತದೆ. ನಂಬರ್ ಟೈಪ್ ಮಾಡಲಿಲ್ಲ ಅಂತ ಸಮಾಧಾನ ಪಡಬೇಡಿ, ಎಸ್‌ಎಂಎಸ್ ಹೋದರೆ ನಂಬರೂ ಹೋದಂತೆಯೇ.

ವಯಸ್ಸು ಕಡಿಮೆ ಹಾಕಿದರೆ ನಂಬರ್ ಕೇಳುವುದಿಲ್ಲ ಅನ್ನುವ ವಿಡಿಯೋಗಳು ಓಡಾಡುತ್ತಿವೆ. ಹಾಗೆ ಮಾಡಬೇಡಿ. 13ಕ್ಕಿಂತ ಕಡಿಮೆ ವಯಸ್ಸು ಹಾಕಿದರೆ ಅದು ಮಗುವಿನ ಖಾತೆ, ತಂದೆ ತಾಯಿಯ ಖಾತೆಯ ಹಿಡಿತದಲ್ಲಿರುತ್ತದೆ. ಮುಂದೆ ಜನ್ಮದಿನಾಂಕ ಸರಿಪಡಿಸಲು ಹೋದರೆ ಗುರುತಿನ ದಾಖಲೆ ಕೇಳುವ ತನಕ ಹೋಗಬಹುದು. ನಂಬರ್ ಉಳಿಸಲು ಹೋಗಿ ಕಾರ್ಡೇ ಕೊಟ್ಟಂತಾಗುತ್ತದೆ.

ಮೈಕ್ರೋಸಾಫ್ಟ್‌ನ ಔಟ್‌ಲುಕ್ ಸ್ವಲ್ಪ ಮೆದು. ಹೊಸ ಇಮೇಲ್ ವಿಳಾಸ ಪಡೆಯುವ ಆಯ್ಕೆ ಒತ್ತಿ, ಹೆಸರು, ಹುಟ್ಟಿದ ದಿನ ಕೊಟ್ಟು, ಪಜಲ್ ಬಿಡಿಸಿದರೆ ತುಂಬಾ ಸಲ ನಂಬರ್ ಇಲ್ಲದೆ ಖಾತೆ ಆಗುತ್ತದೆ. ಆದರೆ ಆಮೇಲೆ ಯಾವತ್ತೋ ಒಂದು ದಿನ ಖಾತೆ ಲಾಕ್ ಆಗಿ, ತೆರೆಯಲು ಫೋನ್ ನಂಬರ್ ಕೇಳುವುದುಂಟು. ಅಷ್ಟರಲ್ಲಿ ಆ ಐಡಿ ಹತ್ತು ಕಡೆ ಕೊಟ್ಟಾಗಿರುತ್ತದೆ. ಅದಕ್ಕೇ ನಾನು ಇದನ್ನು ಮೊದಲ ಸಾಲಿನಲ್ಲಿ ಹೇಳಲಿಲ್ಲ.

ಇವನ್ನು ಮಾತ್ರ ಮಾಡಬೇಡಿ

ಒಟಿಪಿ ಪಡೆಯಲು ಉಚಿತ ನಂಬರ್ ಕೊಡುವ ವೆಬ್‌ಸೈಟ್‌ಗಳಿವೆ. ಅಲ್ಲಿಗೆ ಬರುವ ಎಸ್‌ಎಂಎಸ್ಸನ್ನು ಯಾರು ಬೇಕಾದರೂ ಓದಬಹುದು. ಆ ನಂಬರ್ ನಿಮ್ಮ ಖಾತೆಗೆ ಅಂಟಿಕೊಂಡಿದ್ದರೆ, ನಾಳೆ ಇನ್ಯಾರೋ ಪಾಸ್‌ವರ್ಡ್ ಮರೆತೆ ಅಂತ ಒತ್ತಿ ಖಾತೆಯನ್ನೇ ಎತ್ತಿಕೊಂಡು ಹೋಗಬಹುದು. ನಂಬರ್ ಇಲ್ಲದ ಖಾತೆಗಿಂತ ಇದು ಎಷ್ಟೋ ಪಾಲು ಅಪಾಯ.

ಟೆಲಿಗ್ರಾಮ್‌ನಲ್ಲಿ ರೆಡಿ ಜಿಮೇಲ್ ಖಾತೆ ಮಾರುವವರಿಂದ ಕೊಳ್ಳಬೇಡಿ. ಮಾರಿದವರ ಹತ್ತಿರವೂ ಅದರ ಪಾಸ್‌ವರ್ಡ್ ಇರುತ್ತದೆ, ಹಿಂದೆ ಆ ಖಾತೆಯಿಂದ ಏನೇನು ನಡೆದಿದೆಯೋ ಗೊತ್ತಿಲ್ಲ. ಪೊಲೀಸರು ಹುಡುಕಿಕೊಂಡು ಬಂದಾಗ ಖಾತೆ ನಿಮ್ಮ ಕೈಯಲ್ಲಿರುತ್ತದೆ.

ಪಕ್ಕದ ಮನೆಯವರ, ಅಂಗಡಿಯವರ ನಂಬರ್ ಒಂದು ಸಲಕ್ಕೆ ಅಂತ ಕೇಳಿ ಹಾಕುವುದೂ ಬೇಡ. ಆಮೇಲೆ ಪ್ರತಿ ಒಟಿಪಿಗೂ ಅವರನ್ನು ಕೇಳಬೇಕು. ಹಾಗೆ ಹಾಕಲೇಬೇಕಾಗಿ ಬಂದರೆ ಮನೆಯವರದ್ದೇ ಹಾಕಿ, ಖಾತೆ ತೆರೆದ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ ರಿಕವರಿ ಇಮೇಲ್ ಸೇರಿಸಿ ನಂಬರ್ ತೆಗೆದುಬಿಡಿ.

ತೆರೆದ ಮೇಲೆ ಬಿಟ್ಟುಬಿಡಬೇಡಿ

ಬಳಸದ ಖಾತೆಗಳನ್ನು ಕಂಪನಿಗಳು ಅಳಿಸುತ್ತವೆ. ಟುಟಾದ ಉಚಿತ ಖಾತೆಗೆ 6 ತಿಂಗಳು ಲಾಗಿನ್ ಆಗದಿದ್ದರೆ, ಪ್ರೋಟಾನ್‌ನದಕ್ಕೆ 12 ತಿಂಗಳು ತಿರುಗಿ ನೋಡದಿದ್ದರೆ ಖಾತೆ ಹೋಗಬಹುದು. ಗೂಗಲ್‌ನಲ್ಲಿ ಈ ಗಡುವು 2 ವರ್ಷ. ಮೊಬೈಲ್ ಆ್ಯಪ್ ಹಾಕಿಕೊಂಡು ಆಗಾಗ ತೆರೆಯುತ್ತಿದ್ದರೆ ಈ ತಲೆಬಿಸಿ ಇಲ್ಲ. ರಿಕವರಿಗೆ ಮಾತ್ರ ಅಂತ ಮೂಲೆಯಲ್ಲಿಟ್ಟ ಖಾತೆಯಾದರೆ ಯುಗಾದಿಗೊಮ್ಮೆ, ದಸರೆಗೊಮ್ಮೆ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಟುಟಾದ ಆರು ತಿಂಗಳ ಲೆಕ್ಕ ಯುಗಾದಿಯಿಂದ ದಸರೆಗೆ ತೀರಾ ಅಂಚಿಗೆ ಬರುವುದರಿಂದ ಅದಕ್ಕೆ ನಡುವೆ ಗಣೇಶನ ಹಬ್ಬವನ್ನೂ ಸಂಕ್ರಾಂತಿಯನ್ನೂ ಸೇರಿಸಿಕೊಳ್ಳಿ.

ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ: ಈ ಐಡಿಯನ್ನು ಬ್ಯಾಂಕು, ಆಧಾರ್, ಆದಾಯ ತೆರಿಗೆಗೆ ಕೊಡಬಹುದಾ? ಕೊಡಬಹುದು, ಆದರೆ ಅಲ್ಲಿ ಮೊಬೈಲ್ ನಂಬರ್ ಬೇರೆಯಾಗಿ ಕೇಳಿಯೇ ಕೇಳುತ್ತಾರೆ, ಇಮೇಲ್‌ನಲ್ಲಿ ಉಳಿಸಿದ ನಂಬರ್ ಅಲ್ಲಿ ಉಳಿಯುವುದಿಲ್ಲ. ಬ್ಯಾಂಕಿಗೆ ಈಗಾಗಲೇ ಕೊಟ್ಟಿರುವ ಐಡಿ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನೇ ಬಿಡಿ. ಹೊಸದನ್ನು ಶಾಪಿಂಗ್, ಸುದ್ದಿಪತ್ರ, ಮನೆ ಬಾಡಿಗೆ ಜಾಹೀರಾತು, ಗೊತ್ತಿಲ್ಲದವರ ಜೊತೆಗಿನ ಪತ್ರವ್ಯವಹಾರ ಇಂಥದಕ್ಕೆ ಮೊದಲು ಬಳಸಿ ನೋಡಿ, ಕೆಲವು ವೆಬ್‌ಸೈಟ್‌ಗಳು ಪ್ರೋಟಾನ್, ಟುಟಾ ವಿಳಾಸಗಳನ್ನು ಒಪ್ಪುವುದೇ ಇಲ್ಲ, ಎಲ್ಲೆಲ್ಲಿ ನಡೆಯುತ್ತದೆ ಅನ್ನುವುದೂ ಆಗ ಗೊತ್ತಾಗುತ್ತದೆ.